ಹಾರ್ಟ್ ಫೇಲ್ಯೂರ್: ನೀರಿನ ಮಾತ್ರೆ ಎರಡು ಮೂರಿದ್ದರೆ ಯಾವುದು ಮೊದಲು, ಯಾವ ಹೊತ್ತಿಗೆ?

ಡಾಕ್ಟರ್ ಚೀಟಿಯಲ್ಲಿ 1-1-0 ಅಂತ ಇದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಬೇಡ ಅಂತ ಅರ್ಥ. ಆದರೆ ನಮ್ಮಲ್ಲಿ ಬಹಳ ಜನಕ್ಕೆ ರೂಢಿಯಾಗಿರೋದು 1-0-1. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಊಟ ಆದ ಮೇಲೆ ಒಂದು. ಜ್ವರದ ಮಾತ್ರೆಗೆ ಅದು ನಡೆಯುತ್ತೆ, ಹೃದಯ ವೈಫಲ್ಯ ಇರುವವರು ನುಂಗುವ ‘ನೀರಿನ ಮಾತ್ರೆ’ಗೆ ನಡೆಯಲ್ಲ. ರಾತ್ರಿ ಒಂಬತ್ತಕ್ಕೆ ನುಂಗಿದವರು ಮಧ್ಯರಾತ್ರಿಯೊಳಗೆ ಮೂರ್ನಾಲ್ಕು ಸಲ ಎದ್ದು ಓಡಾಡಬೇಕು. ಕರೆಂಟ್ ಇರಲ್ಲ, ಬಚ್ಚಲು ಹಿತ್ತಲಲ್ಲಿ ಇರುತ್ತೆ, ಎದ್ದ ಕೂಡಲೇ ತಲೆ ತಿರುಗುತ್ತೆ. ವಯಸ್ಸಾದವರು ಹೀಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಹೃದಯದ ಕಾಯಿಲೆಗಿಂತ ಅದೇ ದೊಡ್ಡದಾಗಿಬಿಡುತ್ತೆ.

ಮೊದಲೆಲ್ಲ ಇದಕ್ಕೆ ಒಂದೇ ನೀರಿನ ಮಾತ್ರೆ ಇರುತ್ತಿತ್ತು. ಈಗ ಒಂದೇ ಚೀಟಿಯಲ್ಲಿ ಎರಡು, ಮೂರು, ಕೆಲವರಿಗೆ ನಾಲ್ಕು ಇರುತ್ತೆ. ಒಂದು ದಿನಾ, ಇನ್ನೊಂದು ವಾರಕ್ಕೆ ಎರಡೇ ದಿನ, ಮತ್ತೊಂದು ಅರ್ಧ ಗಂಟೆ ಮುಂಚೆ. ಚೀಟಿ ಬರೆದವರು ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ, ಮಾತ್ರೆ ನುಂಗೋರು ಇಲ್ಲಿರುತ್ತಾರೆ. ನಡುವೆ ಇರುವ ಮೆಡಿಕಲ್ ಶಾಪಿನವರಿಗೂ ಇದು ತಲೆನೋವು. ಹಾಗಾಗಿ ಈ ಬರಹ. ಮಾತ್ರೆ ಶುರು ಮಾಡೋದು, ನಿಲ್ಲಿಸೋದು, ಡೋಸ್ ಬದಲಾಯಿಸೋದು ಡಾಕ್ಟರ ಕೆಲಸ. ಅವರು ಬರೆದಿದ್ದು ಯಾಕೆ ಹಾಗೆ ಅಂತ ಗೊತ್ತಿದ್ದರೆ ತಪ್ಪು ಕಡಿಮೆಯಾಗುತ್ತೆ, ಅಷ್ಟಕ್ಕೆ ಇದನ್ನು ಓದಿ.

ನಾಲೆಯ ಲೆಕ್ಕ

ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಯಿತು ಅಂತಲ್ಲ. ಪಂಪು ಸೋತಿದೆ ಅಂತ. ರಕ್ತ ಸರಿಯಾಗಿ ಮುಂದೆ ಹೋಗದಿದ್ದಾಗ ಮೂತ್ರಪಿಂಡ, ಅಂದರೆ ಕಿಡ್ನಿ, ಮೈಯಲ್ಲಿ ನೀರೇ ಕಡಿಮೆಯಾಗಿದೆ ಅಂತ ತಪ್ಪಾಗಿ ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ. ಅದು ಕಾಲಿನಲ್ಲಿ ಬಾವಾಗಿ ಇಳಿಯುತ್ತೆ, ಶ್ವಾಸಕೋಶದಲ್ಲಿ ತುಂಬಿದರೆ ದಮ್ಮು ಕಟ್ಟುತ್ತೆ, ಚಪ್ಪಟೆ ಮಲಗೋಕೆ ಆಗಲ್ಲ, ಎರಡು ಮೂರು ದಿಂಬು ಬೇಕಾಗುತ್ತೆ.

ಕಿಡ್ನಿಯೊಳಗಿನ ಸಣ್ಣ ಕೊಳವೆಗಳನ್ನು ನಮ್ಮ ನಾಲೆಗೆ ಹೋಲಿಸಬಹುದು. ರಕ್ತದಿಂದ ಸೋಸಿದ ಉಪ್ಪುನೀರು ನಾಲೆಯಲ್ಲಿ ಹರಿಯುತ್ತಾ ಬರುತ್ತೆ. ದಾರಿಯುದ್ದಕ್ಕೂ ಪಂಪ್‌ಸೆಟ್‌ಗಳು ಕೂತು ಉಪ್ಪನ್ನು ವಾಪಸ್ ಮೈಗೆ ಎಳೆದುಕೊಳ್ಳುತ್ತವೆ. ಮೇಲ್ಭಾಗದಲ್ಲೇ ಸುಮಾರು 65 ಪರ್ಸೆಂಟ್ ಹೋಗಿಬಿಡುತ್ತೆ. ನಡುವಿನ ತಿರುವಿನಲ್ಲಿ 25 ಪರ್ಸೆಂಟ್. ಅದರಿಂದ ಕೆಳಗೆ ಸುಮಾರು 5. ತೀರಾ ಕೊನೆಯಲ್ಲಿ ಇನ್ನೊಂದು ಚೂರು. ಕೊನೆ ಭಾಗಕ್ಕೆ ತಲುಪಿದ್ದಷ್ಟೇ ಮೂತ್ರ.

ಲಾಸಿಕ್ಸ್ ಅಂತ ಎಲ್ಲರಿಗೂ ಗೊತ್ತಿರುವ ಫ್ರುಸೆಮೈಡ್, ಡೈಟರ್ ಅಂತ ಕರೆಯುವ ಟಾರ್ಸೆಮೈಡ್, ಇವು ಆ ನಡುವಿನ ತಿರುವಿನ ಪಂಪ್‌ಗಳನ್ನು ಬಂದ್ ಮಾಡುತ್ತವೆ. ಅದಕ್ಕೇ ಇವು ಜೋರು. ಆದರೆ ತಿಂಗಳುಗಟ್ಟಲೆ ನುಂಗಿದಾಗ ಆಗೋದೇನು? ನಡುವೆ ಬಂದ್ ಆದ ನೀರು ಕೆಳಗೆ ಹರಿಯುತ್ತೆ, ಕೆಳಗಿನವರು ದೊಡ್ಡ ಎಚ್‌ಪಿ ಮೋಟಾರ್ ಕೂರಿಸಿಕೊಳ್ಳುತ್ತಾರೆ. ಇದು ಬರೀ ಹೋಲಿಕೆ ಅಲ್ಲ, ಕೊಳವೆಯ ಆ ಭಾಗದ ಜೀವಕೋಶಗಳು ನಿಜವಾಗಿಯೂ ದಪ್ಪ ಆಗುತ್ತವೆ. ಆಗ ಅದೇ ಲಾಸಿಕ್ಸ್, ಅದೇ ಡೋಸ್, ಮೂತ್ರ ಮಾತ್ರ ಕಡಿಮೆ. ‘ಮಾತ್ರೆ ಮೈಗೆ ಒಗ್ಗಿಹೋಯ್ತು’ ಅಂತ ಜನ ಹೇಳೋದು ಇದನ್ನೇ.

ಈ ಘಟ್ಟದಲ್ಲಿ ಡಾಕ್ಟರು ಕೆಳಗಿನ ಪಂಪ್‌ಗಳನ್ನೂ ಬಂದ್ ಮಾಡುವ ಎರಡನೇ ಮಾತ್ರೆ ಸೇರಿಸುತ್ತಾರೆ. ಮೆಟೊಲಜೋನ್, ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್ ಆ ಗುಂಪಿನವು. ತೀರಾ ಕೊನೆಯಲ್ಲಿ ಕೆಲಸ ಮಾಡೋದು ಸ್ಪೈರೊನೊಲ್ಯಾಕ್ಟೋನ್, ಆಲ್ಡಾಕ್ಟೋನ್ ಅಂದರೆ ಗುರುತು ಸಿಗಬಹುದು. ಮೇಲ್ಭಾಗದಲ್ಲಿ ಸ್ವಲ್ಪ ಕೆಲಸ ಮಾಡೋದು ಶುಗರ್ ಮಾತ್ರೆ ಅಂತಲೇ ಹೆಸರಾದ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ‘ನಂಗೆ ಶುಗರ್ ಇಲ್ಲ, ಶುಗರ್ ಮಾತ್ರೆ ಯಾಕೆ ಬರೆದಿದ್ದಾರೆ’ ಅಂತ ಕೌಂಟರಿನಲ್ಲಿ ಜಗಳ ಮಾಡಿ ವಾಪಸ್ ಕೊಟ್ಟು ಹೋಗುವವರಿದ್ದಾರೆ. ಶುಗರ್ ಇಲ್ಲದ ಹಾರ್ಟ್ ಫೇಲ್ಯೂರ್ ರೋಗಿಗೂ ಇದು ಉಪಯೋಗ ಅಂತ 2019ರಲ್ಲಿ 4,744 ಜನರ ಮೇಲೆ ನಡೆದ ಡಪಾ-ಎಚ್‌ಎಫ್ ಅಧ್ಯಯನ ತೋರಿಸಿತು. ಭಾರತದಲ್ಲಿ ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ಬೆಲೆಯೂ ಇಳಿದಿದೆ.

ಯಾವುದು ಎಷ್ಟು ಹೊತ್ತು

ಲಾಸಿಕ್ಸ್ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಕೆಲಸ ಶುರು, ಒಂದೆರಡು ಗಂಟೆಗೆ ಜೋರು, ಆರು ಗಂಟೆಗೆ ಮುಗೀತು. ‘ಆರು ಗಂಟೆ ಇರುತ್ತೆ’ ಅನ್ನೋ ಇಂಗ್ಲಿಷ್ ಮಾತಿನಿಂದಲೇ ಆ ಹೆಸರು ಬಂತು ಅಂತ ಹೇಳೋದುಂಟು. ಟಾರ್ಸೆಮೈಡ್ ಆರರಿಂದ ಎಂಟು ಗಂಟೆ. ಆರು ಗಂಟೆ ಆದ ಮೇಲೆ ಕಿಡ್ನಿ ಸುಮ್ಮನೆ ಕೂರಲ್ಲ, ಉಳಿದ ಹದಿನೆಂಟು ಗಂಟೆ ಕಳಕೊಂಡ ಉಪ್ಪನ್ನು ವಾಪಸ್ ಎಳೆಯೋಕೆ ನೋಡುತ್ತೆ. ಬೆಳಿಗ್ಗೆ ಮಾತ್ರೆ ನುಂಗಿ ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿದ್ದರೆ ಬೆಳಿಗ್ಗೆ ಹೋದ ಉಪ್ಪೆಲ್ಲ ರಾತ್ರಿ ವಾಪಸ್. ಅದಕ್ಕೇ ಲಾಸಿಕ್ಸನ್ನು ದಿನಕ್ಕೆ ಎರಡು ಸಲ ಬರೆಯೋದು ಹೆಚ್ಚು, ಬೆಳಿಗ್ಗೆ ಏಳು ಎಂಟರ ಸುಮಾರಿಗೆ ಒಂದು, ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಇನ್ನೊಂದು. ನಾಲ್ಕು ಗಂಟೆ ದಾಟಿಸಬೇಡಿ.

ಇನ್ನೊಂದು ವಿಷಯ. ಲಾಸಿಕ್ಸ್ ಹೊಟ್ಟೆಯಿಂದ ರಕ್ತಕ್ಕೆ ಸೇರೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಸರಾಸರಿ ಅರ್ಧ ಸೇರುತ್ತೆ ಅಂತ ಲೆಕ್ಕ. ಕೆಲವರಲ್ಲಿ ಹತ್ತು ಪರ್ಸೆಂಟ್, ಕೆಲವರಲ್ಲಿ ಪೂರ್ತಿ. ಊಟದ ಜೊತೆ ನುಂಗಿದರೆ ಇನ್ನೂ ಕಡಿಮೆ. ಮೈಯಲ್ಲಿ ನೀರು ತುಂಬಿದಾಗ ಕರುಳೂ ಊದಿಕೊಂಡಿರುತ್ತೆ, ಆಗ ಸೇರೋದು ನಿಧಾನ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಮುಕ್ಕಾಲು ಗಂಟೆ ಮೊದಲು ನುಂಗೋದು ವಾಸಿ. ಟಾರ್ಸೆಮೈಡ್ ಎಂಬತ್ತು ಪರ್ಸೆಂಟ್‌ಗಿಂತ ಮೇಲೆ ಸೇರುತ್ತೆ, ಊಟದ ರಗಳೆ ಕಡಿಮೆ. ಹಾಗಂತ ಟಾರ್ಸೆಮೈಡೇ ಜೀವ ಉಳಿಸುತ್ತೆ ಅಂತಿಲ್ಲ. ಅಮೆರಿಕದಲ್ಲಿ 2,859 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟ್ರಾನ್ಸ್‌ಫಾರ್ಮ್-ಎಚ್‌ಎಫ್ ಅಧ್ಯಯನದಲ್ಲಿ ಎರಡು ಗುಂಪಿನ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಸಿಗಲಿಲ್ಲ. 40 ಮಿ.ಗ್ರಾಂ ಲಾಸಿಕ್ಸ್ ಮಾತ್ರೆ ಅಂದರೆ ಸುಮಾರು 20 ಮಿ.ಗ್ರಾಂ ಟಾರ್ಸೆಮೈಡ್‌ಗೆ ಸಮ. ‘ಅದಿಲ್ಲ, ಇದು ತಗೊಳ್ಳಿ’ ಅಂತ 40ಕ್ಕೆ 40 ಕೊಟ್ಟರೆ ಡಬಲ್ ಕೊಟ್ಟ ಹಾಗೆ.

ಸ್ಪೈರೊನೊಲ್ಯಾಕ್ಟೋನ್ ನಿಧಾನಸ್ಥ. ಇವತ್ತು ನುಂಗಿದರೆ ಎರಡು ಮೂರು ದಿನಕ್ಕೆ ಪೂರ್ತಿ ಪರಿಣಾಮ. ಇದು ಊಟ ತಿಂಡಿ ಜೊತೆ ಚೆನ್ನಾಗಿ ಸೇರುತ್ತೆ. ದಿನಕ್ಕೊಂದು ಸಾಕು, ದಿನಾ ಒಂದೇ ಹೊತ್ತಿಗೆ. ‘ಇದರಿಂದ ಉಚ್ಚೆ ಜಾಸ್ತಿ ಆಗ್ಲಿಲ್ಲ, ಬಿಟ್ಟೆ’ ಅಂತ ಹೇಳುವವರಿಗೆ ಒಂದು ಮಾತು: ಹಾರ್ಟ್ ಫೇಲ್ಯೂರ್‌ನಲ್ಲಿ ಇದನ್ನು ಕೊಡೋದು ಮೂತ್ರಕ್ಕಿಂತ ಹೆಚ್ಚಾಗಿ ಆಯಸ್ಸಿಗೆ. 1999ರ ರೇಲ್ಸ್ ಅಧ್ಯಯನದಲ್ಲಿ ತೀವ್ರ ಹಾರ್ಟ್ ಫೇಲ್ಯೂರ್ ಇದ್ದ 1,663 ಜನರಲ್ಲಿ ಈ ಮಾತ್ರೆ ಸಾವನ್ನು 30 ಪರ್ಸೆಂಟ್ ಇಳಿಸಿತು. ಅದೇ ಸುದ್ದಿ ಕೇಳಿ ಎಲ್ಲರೂ ಬರೆಯೋಕೆ ಶುರು ಮಾಡಿದ ಮೇಲೆ ಕೆನಡಾದ ಒಂಟಾರಿಯೊದಲ್ಲಿ ರಕ್ತದ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವವರೂ ಜಾಸ್ತಿಯಾದರು. ರಕ್ತ ಪರೀಕ್ಷೆ ಇಲ್ಲದೆ ವರ್ಷಗಟ್ಟಲೆ ನುಂಗೋ ಮಾತ್ರೆ ಅಲ್ಲ ಇದು.

ಡಪಾಗ್ಲಿಫ್ಲೋಜಿನ್ ದಿನಕ್ಕೊಂದು, ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ, ಬೆಳಿಗ್ಗೆ ಅನುಕೂಲ.

ಅರ್ಧ ಗಂಟೆ ಮೊದಲು ಅನ್ನೋ ನಿಯಮ

ಮೆಟೊಲಜೋನ್ ಬರೆದಾಗ ‘ಲಾಸಿಕ್ಸ್‌ಗಿಂತ ಅರ್ಧ ಗಂಟೆ ಮೊದಲು’ ಅಂತ ಬಹಳ ಡಾಕ್ಟರು ಹೇಳುತ್ತಾರೆ. ತರ್ಕ ಸುಲಭ. ಮೊದಲು ಕೆಳಗಿನ ಪಂಪ್ ಬಂದ್ ಮಾಡಿ, ಆಮೇಲೆ ನಡುವಿನ ನೀರು ಬಿಡಿ, ಕೆಳಗೆ ಯಾರೂ ಎಳೆಯೋಕೆ ಆಗಬಾರದು. ಎರಡೂ ಔಷಧಿಯನ್ನು ನರಕ್ಕೆ ಇಂಜೆಕ್ಷನ್ ಆಗಿ ಕೊಡುವ ಹಾಗಿದ್ದರೆ ಇದಕ್ಕೊಂದು ಅರ್ಥ ಇರುತ್ತಿತ್ತು. ಆದರೆ ಮೆಟೊಲಜೋನ್ ಮಾತ್ರೆ ನುಂಗಿದರೆ ರಕ್ತದಲ್ಲಿ ಅದು ಗರಿಷ್ಠ ಮಟ್ಟಕ್ಕೆ ಬರೋಕೆ ಸುಮಾರು ಎಂಟು ಗಂಟೆ ಹಿಡಿಯುತ್ತೆ, ಪರಿಣಾಮ 12ರಿಂದ 24 ಗಂಟೆ ಉಳಿಯುತ್ತೆ. ಅಂದಮೇಲೆ ಅರ್ಧ ಗಂಟೆ ಹಿಂದೆ ಮುಂದೆ ಆದರೆ ಎಷ್ಟು ವ್ಯತ್ಯಾಸ? ದಿನಾ ನುಂಗುವವರಲ್ಲಂತೂ ನಿನ್ನೆಯದೇ ಇನ್ನೂ ಕೆಲಸ ಮಾಡುತ್ತಿರುತ್ತೆ. ಮಾತ್ರೆಗಳ ವಿಷಯದಲ್ಲಿ ಈ ನಿಯಮಕ್ಕೆ ಗಟ್ಟಿ ಪುರಾವೆ ಕಡಿಮೆ.

ಡಾಕ್ಟರ್ ಹಾಗೆ ಹೇಳಿದ್ದರೆ ಹಾಗೇ ಮಾಡಿ, ನಷ್ಟವಿಲ್ಲ. ಆದರೆ ಮರೆತು ಎರಡನ್ನೂ ಒಟ್ಟಿಗೆ ನುಂಗಿದಿರಿ ಅಂತ ಗಾಬರಿಯೂ ಬೇಡ, ಸರಿ ಮಾಡೋಕೆ ಅಂತ ಇನ್ನೊಂದು ನುಂಗೋದಂತೂ ಬೇಡವೇ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಕಾಯೋದಕ್ಕಿಂತ ಕ್ಯಾಲೆಂಡರ್ ನೋಡೋದು ಮುಖ್ಯ. ಮೆಟೊಲಜೋನನ್ನು ಬಹಳ ಸಲ ದಿನಾ ಬರೆಯಲ್ಲ. ‘ಸೋಮವಾರ, ಗುರುವಾರ’ ಅಂತಲೋ, ‘ಮೂರು ದಿನ ಮಾತ್ರ’ ಅಂತಲೋ ಬರೆದಿರುತ್ತಾರೆ. ಅದನ್ನು ದಿನಾ ನುಂಗಿದರೆ ಒಂದೇ ವಾರದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಕುಸಿದು, ಸುಸ್ತು, ಮೀನಖಂಡ ಹಿಡಿಯೋದು, ಏನೇನೋ ಮಾತಾಡೋದು, ಎಚ್ಚರ ತಪ್ಪೋದು ಎಲ್ಲಾ ಆಗಬಹುದು. ಮನೆಯವರು ಲಕ್ವಾ ಹೊಡೆಯಿತು ಅಂದುಕೊಂಡು ಓಡುತ್ತಾರೆ. ಮೆಡಿಕಲ್ ಶಾಪಿನವರು ಸ್ಟ್ರಿಪ್ ಮೇಲೆ ಮಾರ್ಕರ್‌ನಿಂದ ವಾರದ ಹೆಸರು ಬರೆದುಕೊಟ್ಟರೆ ದೊಡ್ಡ ಉಪಕಾರ. ಹೆಸರಿನ ಗೊಂದಲವೂ ಇದೆ. ಮೆಟೊಲಜೋನ್ ಬೇರೆ, ಮೆಟೊಪ್ರೊಲಾಲ್ ಬೇರೆ. ಎರಡನೆಯದು ಹೃದಯದ ಬಡಿತ ಇಳಿಸುವ ಮಾತ್ರೆ, ಅದನ್ನು ದಿನಾ ನುಂಗಬೇಕು. ಎರಡೂ ಒಂದೇ ಚೀಟಿಯಲ್ಲಿ ಇರಬಹುದು.

ಎರಡು ಸೇರಿಸಿದರೆ ಲಾಭವೂ ಇದೆ, ಬೆಲೆಯೂ ಇದೆ ಅನ್ನೋದಕ್ಕೆ ಸ್ಪೇನ್‌ನ ಕ್ಲೊರೊಟಿಕ್ ಅಧ್ಯಯನ ಸಾಕ್ಷಿ. ಆಸ್ಪತ್ರೆಗೆ ದಾಖಲಾದ 230 ಜನರಲ್ಲಿ ಅರ್ಧದಷ್ಟು ಮಂದಿಗೆ ಲಾಸಿಕ್ಸ್ ಇಂಜೆಕ್ಷನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಕೊಟ್ಟರು. ಮೂರು ದಿನದಲ್ಲಿ ಅವರ ತೂಕ 2.3 ಕೆಜಿ ಇಳಿಯಿತು, ಬರೀ ಲಾಸಿಕ್ಸ್‌ನವರದು 1.5 ಕೆಜಿ. ಆದರೆ ಕಿಡ್ನಿ ಪರೀಕ್ಷೆ ಏರುಪೇರಾದವರು ಜೋಡಿ ಔಷಧಿಯಲ್ಲಿ 46.5 ಪರ್ಸೆಂಟ್, ಒಂದೇ ಔಷಧಿಯಲ್ಲಿ 17.2. ಅದಕ್ಕೇ ಎರಡನೇ ಮಾತ್ರೆ ಸೇರಿಸಿದ ಮೇಲೆ ಕೆಲವೇ ದಿನದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಬೇಕು ಅನ್ನೋದು. ಅಷ್ಟು ದೂರ ಹೋಗಬೇಕಲ್ಲ ಅಂತ ಮುಂದೂಡಬೇಡಿ. ರಕ್ತ ಇಲ್ಲೇ ಲ್ಯಾಬಿನಲ್ಲಿ ಕೊಟ್ಟು ರಿಪೋರ್ಟನ್ನು ಡಾಕ್ಟರಿಗೆ ಮೊಬೈಲಿನಲ್ಲಿ ಕಳಿಸಬಹುದಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಒಂದೇ ಮಾತ್ರೆಯೊಳಗೆ ಇಬ್ಬರು

ನಮ್ಮ ಅಂಗಡಿಗಳಲ್ಲಿ ಹೆಚ್ಚು ಹೋಗೋದು ಜೋಡಿ ಮಾತ್ರೆಗಳೇ. ಲಾಸಿಲ್ಯಾಕ್ಟೋನ್ ಅಂದರೆ ಫ್ರುಸೆಮೈಡ್ ಜೊತೆ ಸ್ಪೈರೊನೊಲ್ಯಾಕ್ಟೋನ್. ಡೈಟರ್ ಪ್ಲಸ್ ಅಂದರೆ ಟಾರ್ಸೆಮೈಡ್ ಜೊತೆ ಸ್ಪೈರೊನೊಲ್ಯಾಕ್ಟೋನ್. ಇದನ್ನು ಬೆಳಿಗ್ಗೆಯೇ ನುಂಗಬೇಕು, ಒಳಗಿರುವ ಜೋರು ಔಷಧಿಯ ಹೊತ್ತೇ ಲೆಕ್ಕ. ತೊಂದರೆ ಬರೋದು ಹಳೇ ಚೀಟಿ, ಹೊಸ ಚೀಟಿ ಎರಡೂ ಚಾಲ್ತಿಯಲ್ಲಿ ಇದ್ದಾಗ. ಒಬ್ಬರು ಆಲ್ಡಾಕ್ಟೋನ್ ಬರೆದಿರುತ್ತಾರೆ, ಇನ್ನೊಬ್ಬರು ಡೈಟರ್ ಪ್ಲಸ್ ಬರೆಯುತ್ತಾರೆ, ರೋಗಿ ಎರಡನ್ನೂ ನುಂಗುತ್ತಾರೆ. ಹೊರಗಡೆ ಹೆಸರು ಬೇರೆ, ಒಳಗೆ ಸ್ಪೈರೊನೊಲ್ಯಾಕ್ಟೋನ್ ಡಬಲ್. ಇದರ ಜೊತೆ ಹಳೇ ಚೀಟಿಯ ಪೊಟ್ಯಾಸಿಯಂ ಸಿರಪ್ಪೂ ನಡೆಯುತ್ತಿದ್ದರೆ ಅಪಾಯ ನಿಜ. ಪೊಟ್ಯಾಸಿಯಂ ಏರಿದರೆ ಮುನ್ಸೂಚನೆ ಇಲ್ಲದೆ ಹೃದಯದ ಬಡಿತ ತಪ್ಪಬಹುದು.

ಬಿಪಿ ಮಾತ್ರೆಯ ಹೆಸರಿನ ಕೊನೆಯ ‘ಎಚ್’ ಅಕ್ಷರವನ್ನೂ ನೋಡಿ. ಟೆಲ್ಮಾ ಎಚ್ ಅಂತಾರಲ್ಲ, ಆ ಎಚ್ ಅಂದರೆ ಹೈಡ್ರೋಕ್ಲೋರೋಥಯಾಜೈಡ್. ಬಿಪಿಗೆ ಅದನ್ನು ನುಂಗುತ್ತಿರುವವರಿಗೆ ಡೈಟರ್ ಶುರುವಾದರೆ ಅವರಿಗೆ ಗೊತ್ತಿಲ್ಲದೆಯೇ ಜೋಡಿ ಚಿಕಿತ್ಸೆ ಶುರುವಾಯಿತು. ರಾತ್ರಿ ನುಂಗೋ ಅಭ್ಯಾಸ ಇದ್ದರೆ ಅದರ ಹೊತ್ತು ಬದಲಾಯಿಸಬೇಕಾ, ಮಾತ್ರೆಯೇ ಬದಲಾಗಬೇಕಾ ಅಂತ ಕೇಳಿ.

ಅಂಗಡಿ ಗಲ್ಲಾ ಮೇಲೆ ಕೂತವರ ಪಾಡು

ಇದನ್ನು ಯಾವ ಪುಸ್ತಕದಲ್ಲೂ ಉದ್ದಕ್ಕೆ ಬರೆಯಲ್ಲ, ಆದರೆ ಮಾತ್ರೆ ಬಿಟ್ಟುಹೋಗೋಕೆ ಇದೇ ದೊಡ್ಡ ಕಾರಣ. ಅಂಗಡಿಯಲ್ಲಿ ಒಬ್ಬರೇ ಇರುತ್ತಾರೆ, ಗಿರಾಕಿ ಬಿಟ್ಟು ಏಳೋಕಾಗಲ್ಲ, ಶೌಚಾಲಯ ಇರೋದು ಬಸ್ ಸ್ಟ್ಯಾಂಡಿನಲ್ಲಿ. ಹೆಂಗಸರ ಕಷ್ಟ ಇನ್ನೂ ಹೆಚ್ಚು. ಬಸ್ಸಿನಲ್ಲಿ ಮೂರು ಗಂಟೆ ಪ್ರಯಾಣ, ಮದುವೆ ಮನೆ, ಕೋರ್ಟು ಕಚೇರಿ, ಸಂತೆ ದಿನ. ‘ಇವತ್ತೊಂದಿನ ಬೇಡ’ ಅಂತ ಬಿಡುತ್ತಾರೆ. ಸಂತೆ ವಾರಕ್ಕೊಂದು, ಮದುವೆ ವಾರಕ್ಕೆರಡು, ಹದಿನೈದು ದಿನದಲ್ಲಿ ಕಾಲು ಊದಿರುತ್ತೆ.

ಬಿಡೋದಕ್ಕಿಂತ ಹೊತ್ತು ಸರಿಸೋದು ಮೇಲು. ಎಂಟಕ್ಕೆ ನುಂಗೋ ಲಾಸಿಕ್ಸನ್ನು ಐದೂವರೆಗೆ ನುಂಗಿದರೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಜೋರು ಇಳಿದಿರುತ್ತೆ. ಬೆಳಿಗ್ಗೆ ಆಗಲೇ ಆಗಲ್ಲ ಅನ್ನೋ ದಿನ, ಮಧ್ಯಾಹ್ನ ಮನೆಗೆ ಬಂದ ಕೂಡಲೇ ನುಂಗಬಹುದಾ ಅಂತ ಡಾಕ್ಟರನ್ನು ಕೇಳಿ. ‘ನಂಗೆ ಅಂಗಡಿ ಇದೆ, ಹತ್ತರಿಂದ ಎರಡು ಏಳೋಕಾಗಲ್ಲ’ ಅಂತ ನಾಚಿಕೆ ಬಿಟ್ಟು ಹೇಳಿದರೆ ಅವರು ಹೊತ್ತು ಹೊಂದಿಸಿಕೊಡುತ್ತಾರೆ. ಮರೆತುಹೋದ ಮಾತ್ರೆ ಮಧ್ಯಾಹ್ನದೊಳಗೆ ನೆನಪಾದರೆ ನುಂಗಿ. ಸಂಜೆ ನೆನಪಾದರೆ ಅದನ್ನು ಬಿಟ್ಟು ನಾಳೆಯದು ನಾಳೆ. ಎರಡು ಒಟ್ಟಿಗೆ ಬೇಡ.

ಬಿಪಿ ಇಳಿಸೋ ಎಲ್ಲಾ ಮಾತ್ರೆ, ನೀರಿನ ಮಾತ್ರೆ, ಒಟ್ಟು ಆರೇಳು ಒಂದೇ ಗುಕ್ಕಿಗೆ ನುಂಗಿ ಒಂಬತ್ತು ಗಂಟೆಗೆ ಕಣ್ಣು ಕತ್ತಲೆ ಬರುವವರೂ ಇದ್ದಾರೆ. ಅವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಸರಿಹೋಗಬಹುದು, ಇದೂ ಕೇಳುವ ವಿಷಯವೇ.

ಮಾತ್ರೆಯನ್ನು ಕೆಡಿಸೋ ಮಾತ್ರೆ

ನೀರಿನ ಮಾತ್ರೆಯಿಂದ ಯೂರಿಕ್ ಆಸಿಡ್ ಏರುತ್ತೆ, ಜೋಡಿಯಾದರೆ ಇನ್ನೂ ಹೆಚ್ಚು. ಒಂದು ದಿನ ಕಾಲಿನ ಹೆಬ್ಬೆಟ್ಟು ಕೆಂಪಗೆ ಊದಿ ನೋವು. ಅಂಗಡಿಗೆ ಬಂದು ‘ನೋವಿನ ಮಾತ್ರೆ ಕೊಡಪ್ಪ’ ಅಂತಾರೆ. ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಯಾವುದಾದರೂ ಒಂದು ಸಿಗುತ್ತೆ. ಇವು ಕಿಡ್ನಿಗೆ ಹೋಗೋ ರಕ್ತ ಕಡಿಮೆ ಮಾಡಿ, ಉಪ್ಪು ಹಿಡಿದಿಟ್ಟು, ನೀರಿನ ಮಾತ್ರೆಯ ಕೆಲಸವನ್ನೇ ಅಳಿಸುತ್ತವೆ. ಹೆಬ್ಬೆಟ್ಟಿನ ನೋವು ಹೋಯಿತು, ನಾಲ್ಕು ದಿನಕ್ಕೆ ದಮ್ಮು ಬಂತು. ಆಸ್ಪತ್ರೆಯಲ್ಲಿ ನೀರಿನ ಮಾತ್ರೆ ಡೋಸ್ ಏರಿಸಿದರು, ಯೂರಿಕ್ ಆಸಿಡ್ ಇನ್ನೂ ಏರಿತು. ಈ ಚಕ್ರ ಮುರಿಯೋದು ಕೌಂಟರಿನಲ್ಲೇ. ಗಿರಾಕಿ ನೀರಿನ ಮಾತ್ರೆ ನುಂಗುವವರು ಅಂತ ಗೊತ್ತಿದ್ದರೆ ಈ ಗುಂಪಿನ ನೋವಿನ ಮಾತ್ರೆ ಕೊಡಬೇಡಿ, ಪ್ಯಾರಾಸಿಟಮಾಲ್ ಕೊಟ್ಟು ಡಾಕ್ಟರ ಹತ್ತಿರ ಕಳಿಸಿ.

ಗ್ಯಾಸ್ ಅಂತ ದಿನಾ ಕುಡಿಯೋ ಈನೋ ಥರದ ಪುಡಿಯಲ್ಲಿ ಸೋಡಿಯಂ ತುಂಬಾ ಇದೆ. ‘ಲೋ ಸೋಡಿಯಂ’ ಅಂತ ಮಾರುವ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತೆ, ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಅದು ಬೇಡ. ಎಳನೀರಿನಲ್ಲೂ ಪೊಟ್ಯಾಸಿಯಂ ಜಾಸ್ತಿ. ತೆಂಗು ಬೆಳೆಯುವ ಊರಿನವರಿಗೆ ಇದನ್ನು ಹೇಳಿದರೆ ಬೇಜಾರಾಗುತ್ತೆ, ಆದರೂ ಕಿಡ್ನಿ ಸೋತಿದ್ದು ಸ್ಪೈರೊನೊಲ್ಯಾಕ್ಟೋನ್ ಇರುವವರು ಕೇಳದೆ ದಿನಾ ಕುಡಿಯಬಾರದು.

ತೂಕದ ಪುಸ್ತಕ, ವಾಂತಿ ಭೇದಿಯ ದಿನ

ಬೆಳಿಗ್ಗೆ ಎದ್ದು ಮೂತ್ರ ಮಾಡಿ, ತಿಂಡಿಗೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಮೂರು ದಿನದಲ್ಲಿ 2 ಕೆಜಿಗಿಂತ ಹೆಚ್ಚು ಏರಿದರೆ ಅದು ಊಟದ ತೂಕ ಅಲ್ಲ, ನೀರು. ದಮ್ಮು ಬರುವವರೆಗೆ ಕಾಯದೆ ಅವತ್ತೇ ಫೋನ್ ಮಾಡಿ. ಕೆಲವು ಡಾಕ್ಟರು ‘ಇಷ್ಟು ಏರಿದರೆ ಒಂದು ಮಾತ್ರೆ ಹೆಚ್ಚಿಗೆ’ ಅಂತ ಮೊದಲೇ ಬರೆದುಕೊಡುತ್ತಾರೆ, ಕೇಳಿ ಬರೆಸಿಕೊಳ್ಳಿ.

ತೂಕ ಸರ್ರನೆ ಇಳಿದು, ಬಾಯಿ ಒಣಗಿ, ಎದ್ದಾಗ ತಲೆ ಸುತ್ತಿದರೆ ನೀರು ಅತಿಯಾಗಿ ಹೋಗಿದೆ ಅಂತ. ವಾಂತಿ ಭೇದಿ, ಊಟ ಸೇರದ ಜ್ವರ, ಇಂಥ ದಿನ ಮೆಟೊಲಜೋನ್, ಲಾಸಿಕ್ಸ್, ಸ್ಪೈರೊನೊಲ್ಯಾಕ್ಟೋನ್, ಡಪಾಗ್ಲಿಫ್ಲೋಜಿನ್ ಎಂದಿನ ಹಾಗೆ ನುಂಗೋದು ಕಿಡ್ನಿಗೆ ಪೆಟ್ಟು. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಅವತ್ತೇ ಕೇಳಿ. ಏಕಾದಶಿ, ಶಿವರಾತ್ರಿ ಉಪವಾಸ, ರಂಜಾನ್ ರೋಜಾ ಮಾಡುವವರು ಒಂದೆರಡು ವಾರ ಮೊದಲೇ ಡಾಕ್ಟರನ್ನು ಕಾಣಿ. ನೀರನ್ನೂ ಕುಡಿಯದ ಉಪವಾಸಕ್ಕೆ ಜೋಡಿ ನೀರಿನ ಮಾತ್ರೆ ಹೊಂದಲ್ಲ.

ಕೂತಲ್ಲೇ ಏದುಸಿರು, ಮಲಗೋಕೆ ಆಗದೇ ಇರೋದು, ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ, ಎದೆನೋವು, ಎಚ್ಚರ ತಪ್ಪೋದು ಕಂಡರೆ ಮನೆಯಲ್ಲಿ ಇನ್ನೊಂದು ಲಾಸಿಕ್ಸ್ ನುಂಗಿ ನೋಡೋಣ ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ರೋಗಿಯನ್ನು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ. ಹೊರಡುವಾಗ ಚೀಟಿ ಹುಡುಕೋಕೆ ಹೋಗಬೇಡಿ, ಮನೆಯಲ್ಲಿರುವ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳನ್ನೂ, ಅರ್ಧ ಖಾಲಿಯಾದವನ್ನೂ ಸೇರಿಸಿ, ಒಂದು ಕವರಿಗೆ ಹಾಕಿಕೊಂಡು ಹೋಗಿ. ಕೊನೆಯ ನೀರಿನ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು ಅಂತ ಅಲ್ಲಿ ಮೊದಲು ಕೇಳುತ್ತಾರೆ.